ಮಲ್ಲಾಜಮ್ಮನವರ ನೆರಳುನೀಲಿ

ನಮ್ಮೂರಿನ ಮಣ್ಣಿನಲ್ಲಿ ಮೂಡಿದ ಹೆಜ್ಜೆ ಅಳಿಸುವುದಿಲ್ಲ. ಮಳೆ ಹೊಯ್ದರೂ ಇಲ್ಲ, ಗುಡಿಸಿದರೂ ಇಲ್ಲ. ಮೇಲೆ ಹೊಸ ಮಣ್ಣು ಹಾಕಿ ಸಮ ಮಾಡಿದರೆ ನಾಲ್ಕೇ ದಿನಕ್ಕೆ ಆ ಹೊಸ ಮಣ್ಣಿನ ಮೇಲೂ ಅದೇ ಹೆಜ್ಜೆ ಅದೇ ಜಾಗದಲ್ಲಿ ಕಾಣಿಸಿಕೊಳ್ಳುತ್ತದೆ. ಅದಕ್ಕೇ ಬೀದಿಗಳಿಗೆಲ್ಲ ಕಲ್ಲುಚಪ್ಪಡಿ ಹಾಸಿದ್ದಾರೆ. ಅಂಗಳ, ಹಿತ್ತಲಿಗೂ ಕಲ್ಲು ಹಾಸಿದರೆ ಬೇಸಿಗೆಯಲ್ಲಿ ಮನೆಯೊಳಗೆ ಕೂರಲಾಗದಷ್ಟು ಕಾಯುತ್ತದೆ; ಅಲ್ಲಿಗೆ ಹೂ ಬಿಡುವ ನೆಲಗಿಡಗಳನ್ನು ಹಬ್ಬಿಸುತ್ತೇವೆ. ಹೆಣ್ಣು ನೋಡಲು ಬಂದವರು ನಮ್ಮಲ್ಲಿ ಮೊದಲು ನೋಡುವುದು ಅಂಗಳವನ್ನು. ಗಿಡ ಎಲ್ಲಿ ತೆಳುವಾಗಿದೆಯೋ ಅಲ್ಲಿಗೆ ಎಲ್ಲರ ಕಣ್ಣೂ ಹೋಗುತ್ತದೆ. ಕಂಡರೂ ಕಾಣದವರಂತೆ ಒಳಗೆ ಹೋಗಿ ಕೂರುವುದು ಮರ್ಯಾದೆ.

ಈ ನೆಲಗಿಡ ನೆಡುವುದೇ ನನ್ನ ಕಸುಬು. ಯಾವ ಮನೆಗೆ ಯಾವ ಗಿಡ ಎಂದು ಆರಿಸುವುದರಲ್ಲೇ ಅರ್ಧ ಕೆಲಸ ಮುಗಿಯುತ್ತದೆ. ಒಳ್ಳೆಯ ಬಿಸಿಲಿದ್ದರೆ ಹತ್ತು ಗಂಟೆ ಹೂವು ಸಾಕು; ಕಡ್ಡಿ ಮುರಿದು ಚುಚ್ಚಿದರೆ ಹತ್ತಿಕೊಳ್ಳುತ್ತದೆ, ಆದರೆ ನೀರು ನಿಂತರೆ ಎರಡು ದಿನಕ್ಕೆ ಕೊಳೆತುಹೋಗುತ್ತದೆ. ಇಳಿಜಾರಿಗೆ ನೇರಳೆ ಹೂವಿನ ಲಂಟಾನ. ಮಕ್ಕಳಿರುವ ಮನೆಗೆ ಮುಟ್ಟಿದರೆ ಮುನಿ ಆಗದು. ಅವು ಮುಟ್ಟಿ ಮುಟ್ಟಿ ಎಲೆ ಮುಚ್ಚಿಸುತ್ತವೆ, ಕೆಳಗಿನ ಮಣ್ಣು ಬೀದಿಗೆ ಕಾಣುತ್ತದೆ. ವಿಷ್ಣುಕ್ರಾಂತಿ ಕಣ್ಣಿಗೆ ಚೆಂದ, ಆದರೆ ಹೊದಿಕೆ ತೆಳು. ಅದನ್ನು ಕೇಳಿ ಹಾಕಿಸಿಕೊಳ್ಳುವವರು ಮುಚ್ಚಿಡಬೇಕಾದ್ದು ಹೆಚ್ಚೇನೂ ಇಲ್ಲದವರು. ನೆರಳಿಗೆ ಮಾತ್ರ ನಮ್ಮಲ್ಲಿ ಸರಿಯಾದ ಗಿಡ ಇರಲಿಲ್ಲ. ಹಲಸಿನ ಮರದಡಿ, ಬಡಗಣ ಗೋಡೆಯ ಬದಿ ಎಲ್ಲರ ಮನೆಯಲ್ಲೂ ಬೋಳಾಗಿಯೇ ಉಳಿದಿರುತ್ತಿದ್ದವು.

ಕೆಲಸ ಮಾಡುವಾಗ ನಾವು ನೆಲಕ್ಕೆ ಕಾಲಿಡುವುದಿಲ್ಲ. ಒಂದು ಉದ್ದ ಹಲಗೆ ಹೊತ್ತುಕೊಂಡು ಹೋಗಿ, ಅದನ್ನು ಹಾಸಿ, ಅದರ ಮೇಲೆ ಕುಕ್ಕರುಗಾಲಲ್ಲಿ ಕೂತು ನೆಡುತ್ತೇವೆ. ಹಳೆಯ ಗಿಡ ಕಿತ್ತಾಗ ಕೆಳಗೆ ಯಾರ ಹೆಜ್ಜೆ ಎಲ್ಲಿಂದ ಎಲ್ಲಿಗೆ ಹೋಗಿತ್ತು ಎಂಬುದನ್ನು ಆಚೆ ಆಡುವಂತಿಲ್ಲ. ಇದನ್ನು ನನಗೆ ಕಲಿಸಿದವರು ಮಲ್ಲಾಜಮ್ಮನವರು. ನನ್ನ ಯಜಮಾನರು ತೀರಿಕೊಂಡ ವರ್ಷ, ದಿಕ್ಕು ತೋಚದೆ ಕೂತಿದ್ದ ನನ್ನನ್ನು ಕರೆದು, "ಬಾ ದಾಕ್ಷಾಯಿಣಿ, ಕಡ್ಡಿ ಕತ್ತರಿಸೋದು ಹೇಳಿಕೊಡ್ತೀನಿ" ಎಂದರು. ಅವರಿಂದಲೇ ನಾನು ಒಂದು ತುತ್ತು ಉಣ್ಣುವಂತಾದೆ. ನಾನು ಅನ್ಯಾಯ ಮಾಡಿದ್ದು ಎಂಥವರಿಗೆ ಎಂದು ತಿಳಿಯಲಿ ಅಂತ ಇದನ್ನು ಮೊದಲೇ ಹೇಳುತ್ತಿದ್ದೇನೆ.

ಮಲ್ಲಾಜಮ್ಮನವರು ಒಂಬತ್ತು ವರ್ಷ ಹಿಡಿದು ಒಂದು ಗಿಡ ಬೆಳೆಸಿದ್ದರು. ಊರ ಗಡಿಯಾಚೆಯ ತೊರೆಯ ಪಕ್ಕದಿಂದ ತಂದ ಯಾವುದೋ ಕಾಡುಬಳ್ಳಿ. ಪ್ರತಿ ವರ್ಷ ಅದರ ಬೀಜ ಬಿತ್ತಿ, ನೆರಳಿನಲ್ಲಿ ಚೆನ್ನಾಗಿ ಬಂದ ಸಸಿಗಳನ್ನು ಮಾತ್ರ ಉಳಿಸಿಕೊಂಡು, ಉಳಿದದ್ದನ್ನು ಕಿತ್ತು ಹಾಕುತ್ತಿದ್ದರು. ಕೊನೆಗೆ ದಟ್ಟನೆಯ ಹಲಸಿನ ಮರದಡಿಯಲ್ಲೇ ಚಾಪೆಯಂತೆ ಹಬ್ಬಿ, ಅಂಗಿ ಗುಂಡಿಯಷ್ಟು ಅಗಲದ ನೀಲಿ ಹೂ ಬಿಡುವ ಗಿಡ ಅವರ ಕೈಗೆ ಬಂತು. ಅದಕ್ಕೆ ನೆರಳುನೀಲಿ ಎಂದು ಹೆಸರಿಟ್ಟರು. ಆ ಪಾತಿಯ ಸುತ್ತ ಒಂದು ಮಾರಿಗಿಂತ ಸ್ವಲ್ಪ ಹೆಚ್ಚು ಅಗಲದ ಬೋಳು ಮಣ್ಣಿನ ಪಟ್ಟಿ ಬಿಟ್ಟಿದ್ದರು. ಬಳ್ಳಿ ಆಚೆ ಓಡದಿರಲಿ ಎಂದು ಒಂದು ಕಾರಣ, ಯಾರಾದರೂ ಬಂದರೆ ಗೊತ್ತಾಗಲಿ ಎಂದು ಇನ್ನೊಂದು.

ಊರಿನವರು ಕೇಳಿದರು. ಅವರು ಕೊಡಲಿಲ್ಲ. "ಮೂರು ಬೇಸಿಗೆ ನೋಡಬೇಕು. ನಂಬಿ ಹಾಕಿಸ್ಕೊಂಡೋರ ಮಾನದ ಪ್ರಶ್ನೆ ಇದು" ಎನ್ನುತ್ತಿದ್ದರು. ನಾನೂ ಕೇಳಿದೆ, ಶಿಷ್ಯೆ ಎಂಬ ಸಲುಗೆಯಲ್ಲಿ. ಒಂದೇ ಒಂದು ಕಡ್ಡಿ ಕೊಡಿ ಸಾಕು ಎಂದೆ. ಒಂದು ಮದುವೆ ಮನೆಯಲ್ಲಿ ನಾಲ್ಕು ಜನರ ಎದುರಿಗೆ ಅವರು ನಗುತ್ತ, "ದಾಕ್ಷಾಯಿಣಿಗೆ ಕೈ ಒಳ್ಳೇದು, ಅವಸರ ಮಾತ್ರ ಜಾಸ್ತಿ" ಎಂದುಬಿಟ್ಟರು. ಕೆಟ್ಟ ಮಾತೇನಲ್ಲ. ಆದರೆ ಅದು ನನ್ನೊಳಗೆ ಮುಳ್ಳಿನಂತೆ ಕೂತುಕೊಂಡಿತು.

ಕಾರ್ತಿಕದಲ್ಲಿ ಒಂದು ದಿನ ಅವರು ತಂಗಿಯ ಮೊಮ್ಮಗುವಿನ ನಾಮಕರಣಕ್ಕೆಂದು ಹೋದರು. ಅದೇ ದಿನ ಗುರುಸಿದ್ದ ನನ್ನ ಹಿತ್ತಲಿಗೆ ಗೊಬ್ಬರ ತಂದು ಹಾಕಿದ್ದ. ಗುರುಸಿದ್ದ ಊರಿಗೆಲ್ಲ ಗಾಡಿಯಲ್ಲಿ ಗೊಬ್ಬರ ಹೊಡೆಯುತ್ತಿದ್ದವನು, ಎತ್ತರದ ಆಳು, ಮಾತು ಕಡಿಮೆ. ನಾನು ಊಟ ಹಾಕಿದೆ. ಉಂಡು ಜಗಲಿಯ ಮೇಲೆ ಟವೆಲ್ ಹಾಸಿಕೊಂಡು ಮಲಗಿದ. ಅವನ ಚಪ್ಪಲಿ ಮೆಟ್ಟಿಲ ಕೆಳಗಿತ್ತು. ಸವೆದ ಎಡಗಾಲಿನ ಅಟ್ಟೆಗೆ ಗಾಡಿಯ ಟೈರಿನ ತುಂಡು ಹೊಡೆಸಿಕೊಂಡಿದ್ದ. ಊರಲ್ಲಿ ಆ ಗುರುತು ಎಲ್ಲರಿಗೂ ಗೊತ್ತು. ನನಗೂ ಗೊತ್ತಿತ್ತು.

ಹಲಗೆ ಹೊತ್ತುಕೊಂಡು ಹೊರಟರೆ ಯಾರ ಮನೆಗೆ ಎಂದು ದಾರಿಯುದ್ದಕ್ಕೂ ಕೇಳುತ್ತಾರೆ. ಬರಿಗಾಲಲ್ಲಿ ಹೋದರೆ ನನ್ನ ಕಾಲು ಅಲ್ಲಿ ಉಳಿಯುತ್ತದೆ. ಇದನ್ನೆಲ್ಲ ನಿಂತು ಯೋಚಿಸಿದೆ ಎಂದು ಹೇಳಲಾರೆ. ಆದರೆ ಯೋಚಿಸಲಿಲ್ಲ ಎಂದರೂ ಸುಳ್ಳಾಗುತ್ತದೆ. ಅವನ ಚಪ್ಪಲಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೋದೆ. ಮಲ್ಲಾಜಮ್ಮನವರ ಹಿತ್ತಲಿನ ಕಲ್ಲುದಾರಿಯ ಕೊನೆಯಲ್ಲಿ ಮೆಟ್ಟಿಕೊಂಡೆ. ದೊಡ್ಡ ಚಪ್ಪಲಿ, ಜಾರುತ್ತಿತ್ತು; ಸೀರೆ ಎತ್ತಿ ಹಿಡಿದು ಪುಟ್ಟ ಪುಟ್ಟ ಹೆಜ್ಜೆ ಇಟ್ಟು ಪಟ್ಟಿ ದಾಟಿದೆ. ಹನ್ನೆರಡು ಕಡ್ಡಿ ಕತ್ತರಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡೆ. ವಾಪಸು ಬಂದು ಚಪ್ಪಲಿಯನ್ನು ಒರೆಸಿ ಮೆಟ್ಟಿಲ ಕೆಳಗಿಟ್ಟಾಗ ಗುರುಸಿದ್ದ ಇನ್ನೂ ಗೊರಕೆ ಹೊಡೆಯುತ್ತಿದ್ದ. ಅವನು ಎದ್ದ ಮೇಲೆ ಕಾಫಿ ಮಾಡಿ ಕೊಟ್ಟೆ.

ಮರುದಿನ ಬೆಳಿಗ್ಗೆ ಬೀದಿಯವರೆಲ್ಲ ಮಲ್ಲಾಜಮ್ಮನವರ ಹಿತ್ತಲಲ್ಲಿ ಸೇರಿದ್ದರು. ಹೋಗದಿದ್ದರೆ ಅನುಮಾನ ಬಂದೀತೆಂದು ನಾನೂ ಹೋದೆ. ಗುರುಸಿದ್ದನನ್ನು ಕರೆಸಿದ್ದರು.

"ಇದು ನಿನ್ನ ಚಪ್ಪಲಿ ಹೌದೋ ಅಲ್ವೋ, ಗುರುಸಿದ್ದ?" ಮಲ್ಲಾಜಮ್ಮನವರ ದನಿ ಕೋಪಕ್ಕಿಂತ ನೋವಿನಿಂದ ಕುಗ್ಗಿತ್ತು.

"ಚಪ್ಪಲಿ ನಂದೇ ಅಮ್ಮ. ನಾನು ಬಂದಿಲ್ಲ."

"ಹಂಗಾದ್ರೆ ಚಪ್ಪಲಿ ಒಂದೇ ಬಂತಾ?" ಎಂದು ಗುಂಪಿನಲ್ಲಿ ಯಾರೋ ಅಂದರು. ಕೆಲವರು ನಕ್ಕರು.

ಇಟ್ಟು ನೋಡು ಎಂದರು. ಅವನು ಎಡಗಾಲನ್ನು ಆ ಗುರುತಿನ ಪಕ್ಕದಲ್ಲಿಟ್ಟ. ಟೈರಿನ ಗೀರು ಗೀರಿಗೆ ಸರಿಹೋಯಿತು. ಅವನು ಒಂದು ಗಳಿಗೆ ಅದನ್ನೇ ನೋಡಿದ. ಆಮೇಲೆ ಬೇಸರದಿಂದ ಪಟ್ಟಿಯ ಮೇಲೆ ನೇರ ನಡೆದು ಪಾತಿಯ ಹತ್ತಿರ ನಿಂತ. "ಇಲ್ಲಿಗೆ ಬಂದು ನಾನೇನು ಮಾಡಲಿ ಅಮ್ಮ? ನನಗೆ ಗಿಡ ಕಟ್ಕೊಂಡು ಏನಾಗಬೇಕು?" ಎಂದು ಹಾಗೇ ವಾಪಸು ಬಂದ.

ಹೋಗಲು ಮೂರು ಹೆಜ್ಜೆ, ಬರಲು ಮೂರು. ಪಕ್ಕದಲ್ಲಿ ನಾನು ಹೋಗಿದ್ದು ಆರು, ಬಂದಿದ್ದು ಆರು. ನೆಡುವವರ ಕಣ್ಣು, ಜಾಗ ಕಂಡ ಕೂಡಲೇ ಎಣಿಸಿಬಿಡುತ್ತದೆ. ಉಳಿದವರೆಲ್ಲ ಗೀರನ್ನು ನೋಡುತ್ತಿದ್ದರೇ ಹೊರತು ಯಾರೂ ಎಣಿಸಲಿಲ್ಲ, ಆ ನೋವಿನಲ್ಲಿ ಮಲ್ಲಾಜಮ್ಮನವರೂ.

ಆಗ ಗುರುಸಿದ್ದ ನನ್ನ ಕಡೆ ತಿರುಗಿದ. "ಅಕ್ಕಾ, ನಿನ್ನೆ ಮಧ್ಯಾಹ್ನ ನಾನು ನಿಮ್ಮನೇಲೇ ಇದ್ನಲ್ಲ. ನೀವಾದ್ರೂ ಹೇಳಿ."

"ಊಟ ಹಾಕಿದ್ದು ಹೌದು" ಎಂದೆ. "ಆಮೇಲೆ ನಾನು ಒಳಗೆ ಮಲಗಿದೆ. ನೀನು ಎಲ್ಲಿಗೆ ಹೋದೆ, ಬಂದೆ, ನಾನೇನು ಕಂಡೆ."

ಅವನು ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು, ಕಲ್ಲುದಾರಿಯ ಮೇಲೆ ಬರಿಗಾಲಲ್ಲಿ ಹೋದ.

ಅವತ್ತಿನಿಂದ ಅವನನ್ನು ಯಾರೂ ಹಿತ್ತಲಿಗೆ ಬಿಟ್ಟುಕೊಳ್ಳಲಿಲ್ಲ. ಗಾಡಿ ಮಾರಿ ಬೀದಿಗೆ ಕಲ್ಲು ಹಾಸುವವರ ಜೊತೆ ಸೇರಿಕೊಂಡ. ಅವನ ಹೆಂಡತಿ ನಂಜಮಣಿ ಮನೆಮನೆಗೆ ಹಾಲು ಹಾಕುತ್ತಿದ್ದಳು. ಮೊದಲು ಅಡುಗೆಮನೆಯ ಬಾಗಿಲವರೆಗೆ ಬರುತ್ತಿದ್ದವಳನ್ನು ಈಗ ಬೀದಿಯಲ್ಲೇ ನಿಲ್ಲಿಸಿ, ಪಾತ್ರೆಯನ್ನು ಗೇಟಿನ ಮೇಲಿಂದ ಚಾಚತೊಡಗಿದರು. ನನ್ನ ಮನೆಗೂ ಬರುತ್ತಿದ್ದಳು. ನಾನು ಮಾತ್ರ ಅವಳನ್ನು ಒಳಗೆ ಕರೆಯುತ್ತಿದ್ದೆ. ಬೀದಿಯವರು ಅದನ್ನು ನನ್ನ ದೊಡ್ಡತನವೆಂದು ತಿಳಿದರು. ಅವಳು ಒಂದು ದಿನವೂ ಒಳಗೆ ಬರಲಿಲ್ಲ.

ಕಡ್ಡಿಗಳು ಬೇರು ಬಿಟ್ಟವು. ಐದು ತಿಂಗಳಿಗೆ ನನ್ನ ಕೊಟ್ಟಿಗೆಯ ಹಿಂದಿನ ನೆರಳೆಲ್ಲ ನೀಲಿಯಾಯಿತು. ಒಂದು ಬೆಳಿಗ್ಗೆ ಮಲ್ಲಾಜಮ್ಮನವರು ಹೇಳದೆ ಕೇಳದೆ ಬಂದು ಅದರ ಮುಂದೆ ನಿಂತಿದ್ದರು. ನನ್ನ ಹತ್ತಿರ ಸುಳ್ಳು ಸಿದ್ಧವಾಗಿಯೇ ಇತ್ತು.

"ಗುರುಸಿದ್ದ ಅವತ್ತು ಹಾಕಿಹೋದ ಗೊಬ್ಬರದ ರಾಶೀಲಿ ಚಿಗುರಿತ್ತು ಅಮ್ಮ. ಬಚ್ಚಿಟ್ಟು ಆಮೇಲೆ ತಗೊಂಡು ಹೋಗೋಣ ಅಂತಿದ್ನೋ ಏನೋ. ನಿಮಗೆ ಹೇಳೋಕೆ ನಾಲಿಗೆ ಬರಲಿಲ್ಲ."

ಅವರು ಬಹಳ ಹೊತ್ತು ಗಿಡ ನೋಡಿದರು. ಕೊನೆಗೆ, "ಹೋಗಲಿ, ಬಿದ್ದಿದ್ದು ನಿನ್ನ ಕೈಗೆ ತಾನೆ. ಬೇರೆ ಯಾರಾದ್ರೂ ಆಗಿದ್ರೆ ಸಾಯಿಸಿಬಿಡ್ತಿದ್ರು" ಎಂದರು. ಹೋಗುವಾಗ ನನ್ನ ತೋಳು ಮುಟ್ಟಿ, "ಮೂರು ಬೇಸಿಗೆ ಆಗೋತನಕ ಯಾರಿಗೂ ಕೊಡಬೇಡ" ಎಂದರು.

ಅದನ್ನೂ ನಾನು ಪಾಲಿಸಲಿಲ್ಲ. ಜನ ಬಂದು ಕೇಳಿದರು, ಗೊಬ್ಬರದ ರಾಶಿಯ ಕತೆಯನ್ನೇ ಹೇಳಿ ಕೊಟ್ಟೆ. ಎರಡು ವರ್ಷದಲ್ಲಿ ಮೂವತ್ತಕ್ಕೂ ಹೆಚ್ಚು ಮನೆಗಳ ನೆರಳಿಗೆ ನೆರಳುನೀಲಿ ಹಾಕಿದೆ. ಊರಲ್ಲಿ ಹೆಸರಾಯಿತು. ದಾಕ್ಷಾಯಿಣಕ್ಕ ಬಂದರೆ ಮರದಡಿಯ ಬೋಳೂ ಮುಚ್ಚುತ್ತದೆ ಎನ್ನುತ್ತಿದ್ದರು. ಅತ್ತ ಮಲ್ಲಾಜಮ್ಮನವರು ಆ ಚಪ್ಪಲಿ ಗುರುತುಗಳನ್ನು ನೋಡಲಾರದೆ, ತಮ್ಮ ಬಳ್ಳಿಯನ್ನೇ ಪಟ್ಟಿಯ ಮೇಲೆ ಹಬ್ಬಲು ಬಿಟ್ಟಿದ್ದರು. ನನ್ನ ಹನ್ನೆರಡು ಹೆಜ್ಜೆಯೂ ಅವನ ಆರು ಹೆಜ್ಜೆಯೂ ನೀಲಿ ಹೂವಿನ ಕೆಳಗೆ ಹೋದವು. ಅದು ಪೂರ್ತಿ ಮುಚ್ಚಿದ್ದನ್ನು ಕಂಡ ದಿನ ನಾನು ಮನೆಗೆ ಬಂದು ಹೊಟ್ಟೆ ತುಂಬ ಉಂಡೆ. ಆ ಊಟ ನೆನೆದರೆ ಇವತ್ತಿಗೂ ಮುಖ ಎತ್ತಲಾಗುವುದಿಲ್ಲ.

ಮೂರನೆಯ ಬೇಸಿಗೆಯಲ್ಲಿ ನೆರಳುನೀಲಿ ಸತ್ತಿತು. ಒಂದು ಮನೆಯಲ್ಲಲ್ಲ, ಎಲ್ಲ ಮನೆಯಲ್ಲೂ, ಒಂದೇ ವಾರದಲ್ಲಿ. ನೀರು ಹಾಕಿದರೂ ನಿಲ್ಲಲಿಲ್ಲ. ಎಲೆ ಕಂದಿ, ಕಾಂಡ ಕಪ್ಪಾಗಿ, ಮುಟ್ಟಿದರೆ ಪುಡಿಯಾಯಿತು. ಅದು ಮೂರು ವರ್ಷ ಬದುಕುವ ಗಿಡ, ಅಷ್ಟೇ; ಕಡ್ಡಿ ಯಾವಾಗ ನೆಟ್ಟರೂ ಅದಕ್ಕೆ ತಾಯಿಬಳ್ಳಿಯದೇ ವಯಸ್ಸು. ಮಲ್ಲಾಜಮ್ಮನವರು ಕಾಯುತ್ತಿದ್ದದ್ದು ಇಂಥದ್ದನ್ನು ತಿಳಿಯಲೆಂದೇ.

ಮೂವತ್ತು ಮನೆಗಳ ನೆರಳು ಬೋಳಾಯಿತು. ಒಂದು ಮನೆಯಲ್ಲಿ ಗಿಡ ಹಬ್ಬಿದ್ದ ಕಾಲದಲ್ಲಿ ಯಜಮಾನ ಬಾವಿಯ ಸುತ್ತ ನೂರಾರು ಸುತ್ತು ತಿರುಗಿದ ಹೆಜ್ಜೆಗಳಿದ್ದವು; ಅಂಗಡಿ ಮುಚ್ಚಿದ ವರ್ಷ ಆತ ಅಲ್ಲಿ ಏನು ಯೋಚಿಸುತ್ತಿದ್ದನೆಂದು ಹೆಂಡತಿ ಮಕ್ಕಳಿಗೆ ಅವತ್ತು ಗೊತ್ತಾಯಿತು. ಇನ್ನೊಂದು ಮನೆಯಲ್ಲಿ ಹಿತ್ತಲ ಬಾಗಿಲಿನಿಂದ ಪಕ್ಕದ ಮನೆಯ ಬೇಲಿಯವರೆಗೆ ಹೋಗಿ ಬಂದ ಹೆಣ್ಣಿನ ಕಾಲು. ಯಾವ ಮನೆಗಳೆಂದು ನಾನು ಹೇಳುವುದಿಲ್ಲ. ಜನ ಗೋಣಿಚೀಲ, ಚಾಪೆ, ಹಳೆಯ ಕಂಬಳಿ ತಂದು ಹಾಸಿದರು. ನನ್ನನ್ನು ಒಬ್ಬರೂ ಬಯ್ಯಲಿಲ್ಲ.

"ಕದ್ದ ಗಿಡ ಅಲ್ವಾ, ಎಲ್ಲಿಂದ ಏಳಿಗೆ ಆಗುತ್ತೆ" ಎಂದರು. "ಆ ಗುರುಸಿದ್ದನ ಕೈ ತಾಗಿದ್ದು. ಪಾಪ, ದಾಕ್ಷಾಯಿಣಕ್ಕ ಏನು ಮಾಡ್ತಾಳೆ." ಹಾಲು ಹಾಕಿಸಿಕೊಳ್ಳುತ್ತಿದ್ದ ಏಳೆಂಟು ಮನೆಯವರು ನಂಜಮಣಿಯನ್ನು ನಾಳೆಯಿಂದ ಬರಬೇಡ ಎಂದರು. ಅವಳು ನನ್ನ ಮನೆಯ ಮುಂದೆ ಹಾಲಿನ ಕ್ಯಾನು ಇಳಿಸಿದಳು. ಕ್ಯಾನು ಮುಕ್ಕಾಲು ತುಂಬಿತ್ತು. ನಾನು ಎರಡು ಲೀಟರು ಹೆಚ್ಚು ತೆಗೆದುಕೊಂಡೆ. ನನ್ನಿಂದ ಆದದ್ದು ಅಷ್ಟೇ.

ಅದಾದ ನಾಲ್ಕನೆಯ ದಿನ ಮಲ್ಲಾಜಮ್ಮನವರು ಹೇಳಿ ಕಳಿಸಿದರು. ಅವರ ಕಣ್ಣಿಗೆ ಪೊರೆ ಬಂದಿತ್ತು, ಬೆಳಕು ನೆರಳು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಹಲಸಿನ ಮರದ ಬುಡದಲ್ಲಿ ಮಣೆ ಹಾಕಿಕೊಂಡು ಕೂತಿದ್ದರು.

"ಎಲ್ಲಾ ಹೋಯ್ತಲ್ಲೇ. ಇಲ್ಲಿಗೆ ಏನಾದ್ರೂ ನೆಡಬೇಕು. ಏನು ಹಾಕೋಣ ಅಂತೀಯ?"

ನಾನು ಹಲಗೆ ಇಳಿಸಿದೆ. ಒಣಗಿದ ಬಳ್ಳಿಯನ್ನು ಬಾಚಿ ಪಕ್ಕಕ್ಕೆ ಹಾಕಿದೆ. ಮೂರು ವರ್ಷದ ಹಿಂದಿನ ಆ ಬೆಳಿಗ್ಗೆ ಹಾಗೆಯೇ ಅಲ್ಲಿತ್ತು. ಟೈರಿನ ಗೀರುಗಳು ಈಗಷ್ಟೇ ಮೂಡಿದಂತೆ ಚೂಪಾಗಿದ್ದವು.

"ಅವನ ಹೆಜ್ಜೆ ಕಾಣ್ತಿದೆಯಾ?"

"ಕಾಣ್ತಿದೆ ಅಮ್ಮ."

"ಎಷ್ಟಿದೆ ನೋಡು. ಒಂದೊಂದು ಹೆಜ್ಜೆ ಮೇಲೂ ಎರಡೆರಡು ಸಸಿ ಕೂರಿಸೋಣ, ಬೇಗ ಮುಚ್ಚುತ್ತೆ."

ಅವರು ಕೇಳಿದ್ದು ಸಸಿಯ ಲೆಕ್ಕಕ್ಕೆ. ಅದರಲ್ಲಿ ಬೇರೆ ಏನೂ ಇರಲಿಲ್ಲ. ಹನ್ನೆರಡೋ ಹದಿನೆಂಟೋ ಅಂದುಬಿಟ್ಟಿದ್ದರೆ ಮುಗಿಯುತ್ತಿತ್ತು, ಅವರಿಗೆ ಕಾಣುತ್ತಿರಲಿಲ್ಲ. ಆದರೆ ಅವರೇ ಕಲಿಸಿದ್ದ ರೀತಿಯಲ್ಲಿ ನನ್ನ ಬಾಯಿ ಎಣಿಸಿ ಹೇಳಿತು.

"ಹೋಗಿದ್ದು ಆರು, ಬಂದಿದ್ದು ಆರು. ಆಮೇಲೆ ಗುರುಸಿದ್ದ ನಮ್ಮೆದುರಿಗೆ ನಡೆದು ತೋರಿಸಿದ್ದು ಹೋಗೋಕೆ ಮೂರು, ಬರೋಕೆ ಮೂರು."

ಮಲ್ಲಾಜಮ್ಮನವರು ಒಣಗಿದ ಒಂದು ಕಡ್ಡಿಯನ್ನು ಬೆರಳಲ್ಲಿ ತಿರುಗಿಸುತ್ತಿದ್ದರು. ನಲವತ್ತು ವರ್ಷ ಗೇಣು ಹಾಕಿ ಸಸಿಯಿಂದ ಸಸಿಗೆ ಅಂತರ ಅಳೆದ ಕೈ ಅದು.

"ಅಷ್ಟೇ ಜಾಗಕ್ಕಾ?"

"ಅಷ್ಟೇ ಜಾಗಕ್ಕೆ."

"ಅಷ್ಟು ಸಣ್ಣ ಹೆಜ್ಜೆ ಹೆಂಗಸಿಂದು" ಎಂದರು. ನನ್ನ ಕಡೆ ಮುಖ ತಿರುಗಿಸದೆ ಕೇಳಿದರು. "ಯಾರದು ದಾಕ್ಷಾಯಿಣಿ?"

"ನಂದು."

ಅವರು ಬಯ್ದಿದ್ದರೆ ನಾನು ಅತ್ತುಬಿಡುತ್ತಿದ್ದೆ, ಅತ್ತು ಸ್ವಲ್ಪ ಹಗುರವಾಗುತ್ತಿದ್ದೆ. ಬಯ್ಯಲಿಲ್ಲ. "ಅವನು ನನ್ನ ಮನೆಗೆ ಹದಿನಾರು ವರ್ಷ ಗೊಬ್ಬರ ತಂದು ಹಾಕಿದ" ಎಂದರು. "ಹಬ್ಬಕ್ಕೆ ಬಂದ್ರೆ ಕಾಲಿಗೆ ಬೀಳ್ತಿದ್ದ. ನಾನು ಅವನನ್ನ ಎಲ್ಲರ ಮುಂದೆ ಕಳ್ಳ ಅಂದೆ." ನಾನು ಅವರ ಕಾಲು ಹಿಡಿಯಲು ಬಗ್ಗಿದೆ. ಅವರು ಕಾಲು ಹಿಂದಕ್ಕೆಳೆದುಕೊಂಡರು. "ನನ್ನ ಹತ್ರ ಏನಿದೆ. ಅವನ ಹತ್ರ ಹೋಗು."

ಗುರುಸಿದ್ದ ಕೆರೆಯ ಕಡೆಯ ಬೀದಿಯಲ್ಲಿ ಚಪ್ಪಡಿ ಕೂರಿಸುತ್ತಿದ್ದ. ಮೂರು ವರ್ಷದಲ್ಲಿ ಅವನ ಬೆನ್ನು ಬಾಗಿತ್ತು. ನಾನು ಪಕ್ಕದಲ್ಲಿ ನಿಂತು, ಅಂದುಕೊಂಡು ಬಂದ ಮಾತುಗಳನ್ನೆಲ್ಲ ಬಿಟ್ಟು, "ಗುರುಸಿದ್ದ, ಅವತ್ತು ನಿನ್ನ ಚಪ್ಪಲಿ ಹಾಕ್ಕೊಂಡು ಹೋಗಿದ್ದು ನಾನು" ಎಂದಷ್ಟೇ ಅಂದೆ.

ಅವನು ಚಪ್ಪಡಿಯ ಸಂದಿಗೆ ಮಣ್ಣು ತುಂಬುವುದನ್ನು ನಿಲ್ಲಿಸಲಿಲ್ಲ. "ಗೊತ್ತು ಅಕ್ಕ" ಎಂದ.

"ಹೇಗೆ?" ಎಂದೆ.

"ನಾನು ಬಿಟ್ಟಾಗ ಚಪ್ಪಲಿ ಬೀದಿ ಕಡೆ ಮುಖ ಮಾಡಿತ್ತು. ಎದ್ದಾಗ ಮನೆ ಕಡೆ ಮಾಡಿತ್ತು. ಉಂಗುಷ್ಠದ ಸಂದೀಲಿ ಕೆಮ್ಮಣ್ಣು ಅಂಟಿತ್ತು. ಆ ಮಣ್ಣು ಅಮ್ಮೋರ ಹಲಸಿನ ಮರದ ಕೆಳಗೆ ಬಿಟ್ರೆ ನಿಮ್ಮ ಬೀದೀಲೆಲ್ಲೂ ಇಲ್ಲ. ಅವತ್ತು ಅದ್ಯಾಕೆ ಅಂತ ಅರ್ಥ ಆಗಲಿಲ್ಲ. ಮಾರನೇ ದಿನ ಅಲ್ಲಿ ನಿಂತಾಗ ಆಯ್ತು."

"ಮತ್ತೆ ಹೇಳಬೇಕಿತ್ತಲ್ಲಪ್ಪ."

ಆಗ ಅವನು ತಲೆ ಎತ್ತಿದ. "ನಿಮ್ಮನ್ನ ಕೇಳಿದ್ನಲ್ಲ ಅಕ್ಕ, ಎಲ್ಲರ ಮುಂದೆ. ನೀವಾದ್ರೂ ಹೇಳಿ ಅಂತ. ಹೇಳ್ತೀರ ಅಂದ್ಕೊಂಡಿದ್ದೆ."

ಅವನು ಕೆಲಸ ಮುಂದುವರಿಸಿದ. ಸ್ವಲ್ಪ ಹೊತ್ತಾದ ಮೇಲೆ, "ಮನೆಗೆ ಹೋಗಿ ನಂಜಮಣಿಗೆ ಹೇಳಿ. ನನಗಿಂತ ಜಾಸ್ತಿ ಅನುಭವಿಸಿದವಳು ಅವಳು" ಎಂದ.

ಅವರ ಮನೆಯ ಅಂಗಳ ಊರಿನಲ್ಲೇ ಬೋಳಾಗಿದ್ದ ಒಂದೇ ಅಂಗಳ. ಗಂಡನನ್ನು ಕಳ್ಳ ಎಂದ ದಿನ ನಂಜಮಣಿ ಇದ್ದಬದ್ದ ಗಿಡವನ್ನೆಲ್ಲ ಕಿತ್ತೆಸೆದಿದ್ದಳಂತೆ. ಅವನು ಎಲ್ಲಿಗೆ ಹೋಗುತ್ತಾನೆ, ಎಲ್ಲಿಂದ ಬರುತ್ತಾನೆ ಯಾರು ಬೇಕಾದರೂ ನೋಡಿಕೊಳ್ಳಲಿ ಎಂದು. ಮೂರು ವರ್ಷದ ಹೆಜ್ಜೆಗಳು ಒಂದರ ಮೇಲೊಂದು ಬಿದ್ದು ಅಂಗಳ ಉತ್ತ ಗದ್ದೆಯಂತಿತ್ತು. ನಾನು ಗೇಟಿನಾಚೆಯೇ ನಿಂತು ಹೇಳಿದೆ. ಅವಳು ಪೊರಕೆ ಹಿಡಿದುಕೊಂಡು ಕೊನೆಯವರೆಗೂ ಕೇಳಿದಳು.

"ಇದನ್ನ ನನಗೆ ಹೇಳಿ ಏನುಪಯೋಗ ಅಕ್ಕಾವ್ರೇ. ನನಗೆ ನನ್ನ ಗಂಡ ಎಂಥವನು ಅಂತ ಗೊತ್ತಿಲ್ವ? ಅವತ್ತು ಯಾರು ಯಾರು ನಿಂತಿದ್ರೋ ಅವರಿಗೆ ಹೇಳಿ."

ಮಲ್ಲಾಜಮ್ಮನವರೇ ಎಲ್ಲರನ್ನೂ ಕರೆಸಿದರು. ಅದೇ ಹಿತ್ತಲು, ಬೆಳಗಿನ ಅದೇ ಹೊತ್ತು. ಅವತ್ತು ನಕ್ಕವರೂ ಇದ್ದರು. ಗುರುಸಿದ್ದ ಬರಲಿಲ್ಲ, ಕೆಲಸವಿದೆ ಎಂದನಂತೆ. ನಂಜಮಣಿ ಬಂದು ಗೋಡೆಗೆ ಒರಗಿ ನಿಂತಳು. ಮಲ್ಲಾಜಮ್ಮನವರು ಮೊದಲು ತಾವೇ ಅವಳ ಕಡೆ ತಿರುಗಿ, "ನಾನು ತಪ್ಪು ಮಾಡಿದೆ ಕಣಮ್ಮ, ಎಣಿಸಲಿಲ್ಲ" ಎಂದರು. ಆಮೇಲೆ ನಾನು ಹೇಳಿದೆ. ಮಧ್ಯಾಹ್ನದ ಊಟ, ಜಗಲಿ, ಚಪ್ಪಲಿ, ಹನ್ನೆರಡು ಕಡ್ಡಿ, ಗೊಬ್ಬರದ ರಾಶಿಯ ಸುಳ್ಳು, ಒಂದನ್ನೂ ಬಿಡಲಿಲ್ಲ. ದನಿ ಎಷ್ಟು ಸಣ್ಣಗಿತ್ತೆಂದರೆ ಹಿಂದಿನವರು ಕೇಳಿಸುತ್ತಿಲ್ಲ ಎಂದರು. ಮತ್ತೊಮ್ಮೆ ಮೊದಲಿನಿಂದ ಹೇಳಬೇಕಾಯಿತು. ಎರಡನೆಯ ಸಲ ಹೇಳುವಾಗಲೇ ನನಗೆ ನಾನು ಮಾಡಿದ್ದು ಪೂರ್ತಿ ಕೇಳಿಸಿದ್ದು.

ನಂಜಮಣಿ ಗೋಡೆ ಬಿಟ್ಟು ಮುಂದೆ ಬಂದಳು.

"ಮಾತು ನಾಳೆ ಮರೀತಾರೆ" ಎಂದಳು. "ನಡೀರಿ ಇದರ ಮೇಲ್ಗಡೆ. ಬರಿಗಾಲಲ್ಲಿ."

ಬರಿಗಾಲಲ್ಲಿ ನಾನು ಬೇರೆಯವರ ಮಣ್ಣಿನ ಮೇಲೆ ಕಾಲಿಟ್ಟು ಇಪ್ಪತ್ತು ವರ್ಷವಾಗಿತ್ತು. ಚಪ್ಪಲಿಯ ಗುರುತಿನ ಪಕ್ಕದಲ್ಲಿ ನಡೆದೆ. ಸೀರೆ ಎತ್ತಿ ಹಿಡಿದೆ. ಆರು ಹೆಜ್ಜೆ. ತಿರುಗಿ ಬಂದಾಗಲೂ ಆರು. ಒಂದೊಂದು ಹೆಜ್ಜೆಯೂ ಹಳೆಯದರ ಪಕ್ಕಕ್ಕೇ ಬಿತ್ತು, ಬೆರಳಳತೆಯಷ್ಟೂ ಹೆಚ್ಚುಕಡಿಮೆಯಿಲ್ಲದೆ. ಜನ ಈ ಸಲ ಎಣಿಸಿದರು; ತುಟಿ ಅಲ್ಲಾಡುವುದು ನನಗೆ ಕಾಣುತ್ತಿತ್ತು. ಮಣ್ಣು ತಣ್ಣಗಿತ್ತು. ಕಲ್ಲುದಾರಿಗೆ ಹತ್ತಿದಾಗ ಅಂಗಾಲಿಗೆ ಅಂಟಿದ ಕೆಮ್ಮಣ್ಣನ್ನು ಅಲ್ಲಿ ನಿಂತು ತೊಳೆದುಕೊಳ್ಳುವ ಧೈರ್ಯ ಬರಲಿಲ್ಲ. ಹಾಗೆಯೇ ಮನೆಗೆ ಹೋದೆ.

ಮಲ್ಲಾಜಮ್ಮನವರು ಆ ಜಾಗಕ್ಕೆ ಏನೂ ನೆಡಿಸಲಿಲ್ಲ. ಅವರ ಮನೆಗೆ ಬಂದವರೆಲ್ಲ ಅದನ್ನು ನೋಡಿಯೇ ಹೋಗುತ್ತಾರೆ. ಗುರುಸಿದ್ದನ ಮನೆಗೆ ಒಬ್ಬೊಬ್ಬರಾಗಿ ಹೋಗಿ ಗೊಬ್ಬರ ಬೇಕಿತ್ತು ಎಂದು ಕೇಳಿದರಂತೆ. ಅವನು ಗಾಡಿ ಇಲ್ಲ ಎಂದು ಕಳಿಸಿದ. ಕಲ್ಲಿನ ಕೆಲಸವನ್ನೇ ಮುಂದುವರಿಸಿದ್ದಾನೆ. ಹಾಲಿನ ಮನೆಗಳು ಮಾತ್ರ ನಂಜಮಣಿಗೆ ವಾಪಸು ಬಂದವು. ಅಡುಗೆಮನೆಯ ತನಕ ಕರೆದರೂ ಅವಳು ಗೇಟಿನಲ್ಲೇ ನಿಂತು ಹಾಲು ಅಳೆಯುತ್ತಾಳೆ. ನನ್ನನ್ನು ಯಾರೂ ಕೆಲಸಕ್ಕೆ ಕರೆಯಲಿಲ್ಲ. ಕರೆಯದಿದ್ದದ್ದೇ ಒಳ್ಳೆಯದಾಯಿತು, ಯಾರ ಮುಖ ನೋಡಿ ಕೆಲಸ ಮಾಡುವುದು. ಹಲಗೆ ಗೋಡೆಗೆ ಒರಗಿಕೊಂಡೇ ಇತ್ತು.

ಮಳೆ ಹಿಡಿದು ಒಂದು ವಾರವಾಗಿತ್ತು. ನಂಜಮಣಿ ಹಾಲು ಹಾಕಿದವಳು ಹೋಗದೆ ನಿಂತಳು.

"ಅಂಗಳಕ್ಕೆ ಗಿಡ ಹಾಕಬೇಕು ಅಂತಿದೀನಿ. ಏನು ಹಾಕಬಹುದು?"

ನಾನು ಕೇಳಿದೆ: ಬಿಸಿಲು ಎಷ್ಟು ಹೊತ್ತು, ನೀರು ಎಲ್ಲಿ ನಿಲ್ಲುತ್ತೆ, ಹಸು ಎಲ್ಲಿ ಕಟ್ತೀರಿ. ಅವಳು ಒಂದೊಂದಕ್ಕೂ ಹೇಳಿದಳು. "ಹತ್ತು ಗಂಟೆ ಹೂವು ಹಾಕಿದ್ರೆ ತಿಂಗಳಲ್ಲಿ ಮುಚ್ಚುತ್ತೆ" ಎಂದೆ. "ಆದ್ರೆ ನಿಮ್ಮಲ್ಲಿ ನೀರು ನಿಲ್ಲುತ್ತೆ, ಈ ಮಳೆಗಾಲ ದಾಟೋದು ಕಷ್ಟ. ಶೇಂಗಾ ಜಾತಿದು ಒಂದಿದೆ, ಹಳದಿ ಹೂವು. ತುಳಿದ್ರೂ ತಡ್ಕೊಳ್ಳುತ್ತೆ. ನಿಧಾನ, ಮೊದಲ ಆರು ತಿಂಗಳು ಬೆಳೆದ ಹಾಗೇ ಕಾಣಲ್ಲ. ನಡುನಡುವೆ ಕಳೆ ಕೀಳ್ತಾ ಇರಬೇಕು."

"ಸಾಯುತ್ತಾ?"

"ನನ್ನ ಹತ್ರ ಹನ್ನೊಂದು ವರ್ಷದಿಂದ ಇದೆ. ಸತ್ತಿಲ್ಲ. ಮುಂದಿಂದು ನನಗೆ ಗೊತ್ತಿಲ್ಲ."

"ಅದನ್ನೇ ಕೊಡಿ. ನೆಡೋದು ನಾನೇ ನೆಡ್ತೀನಿ."

ಮಧ್ಯಾಹ್ನ ಮಳೆ ಬಿಟ್ಟಾಗ ಬುಟ್ಟಿಯಲ್ಲಿ ಸಸಿ ಹೊತ್ತುಕೊಂಡು ಹೋದೆ. ಅವಳು ಗೇಟಿನಲ್ಲೇ ಬುಟ್ಟಿ ಇಸಿದುಕೊಂಡು, ಗೇಟು ಹಾಕಿಕೊಂಡಳು. ನಾನು ಬೀದಿಯ ಕಲ್ಲಿನ ಮೇಲೆ ನಿಂತು, ಬೇಲಿಯ ಮೇಲಿಂದ ನೋಡುತ್ತ ಹೇಳುತ್ತಿದ್ದೆ. ಬೇರು ಮಡಚದ ಹಾಗೆ ಇಡಿ. ಇನ್ನೊಂದು ಗೇಣು ದೂರ. ಮಣ್ಣು ಒತ್ತಬೇಡಿ, ಮಳೆಯೇ ಒತ್ತುತ್ತದೆ. ಅವಳು ತಿರುಗಿ ನೋಡದೆ ಹೇಳಿದ ಹಾಗೆ ಮಾಡುತ್ತಿದ್ದಳು. ಸೀರೆ ಮೊಣಕಾಲಿನವರೆಗೆ ಕೆಸರಾಗಿತ್ತು. ದಾರಿಯಲ್ಲಿ ಹೋಗುವವರು ನನ್ನನ್ನೂ ಅವಳನ್ನೂ ನೋಡಿ, ಏನೂ ಅನ್ನದೆ ಮುಂದೆ ಹೋದರು.

ಕೊನೆಯ ಸಸಿ ಇಟ್ಟು ಅವಳು ನಡು ಹಿಡಿದುಕೊಂಡು ಎದ್ದಳು. ಬುಟ್ಟಿಯನ್ನು ಬೇಲಿಯ ಮೇಲಿಂದ ವಾಪಸು ಕೊಟ್ಟಳು.

"ಪೂರ್ತಿ ಮುಚ್ಚೋಕೆ ಎಷ್ಟು ದಿನ ಬೇಕು?"

"ಒಂದೂವರೆ ವರ್ಷ ಆಗಬಹುದು."

"ಹಂಗಾದ್ರೆ ಅಲ್ಲೀತನಕ ದಿನಾ ಬಂದು ನೋಡ್ಕೊಂಡು ಹೋಗಿ" ಎಂದಳು. "ಬೇಲಿ ಆಚೆಯಿಂದಲೇ."

ದಿನಾ ಹೋಗುತ್ತಿದ್ದೇನೆ.